ಮುಳ್ಳು, ಕೇಬಲ್ಲು, ಕಿಕ್ಕರು: ಹಳೇ ಬೈಕಿನ ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಯೆಜ್ಡಿ, ಬುಲೆಟ್, ಆರ್‌ಎಕ್ಸ್ 100 ಕುರಿತವು. ಒಂದೇ ತೊಂದರೆಯನ್ನು ನಾಲ್ಕೈದು ಜನ ಬರೆದಿದ್ದಲ್ಲಿ ಒಂದು ಪತ್ರವನ್ನು ಮಾತ್ರ ತೆಗೆದುಕೊಂಡಿದ್ದೇವೆ.

ಪ್ರ: ಈಗಿನ ಗಾಡಿಗಳಲ್ಲಿ ಎಬಿಎಸ್, ಫ್ಯೂಯಲ್ ಇಂಜೆಕ್ಷನ್, ಮೊಬೈಲಿಗೆ ಜೋಡಿಸೋ ಮೀಟರ್ ಎಲ್ಲ ಇದೆ. ಆದರೂ ಹಳೇ ಗಾಡಿಯ ಸದ್ದು ಕೇಳಿದರೆ ಕತ್ತು ತಾನಾಗಿ ತಿರುಗುತ್ತೆ. ಇದು ಬರೀ ಹಳೇ ನೆನಪಿನ ಗೀಳಾ, ಇಲ್ಲಾ ಓಡಿಸೋದರಲ್ಲೇ ಏನಾದರೂ ವ್ಯತ್ಯಾಸ ಇದೆಯಾ? ಮೊದಲ ಹಳೇ ಗಾಡಿ ಯಾವುದು ತಗೊಳ್ಳಲಿ? (ರಾಜಾಜಿನಗರ)

ಉ: ವ್ಯತ್ಯಾಸ ಇದೆ, ಅದನ್ನು ಕೈಯಲ್ಲೇ ಮುಟ್ಟಿ ನೋಡಬಹುದು. ಹಳೇ ಗಾಡಿಯ ಆಕ್ಸಿಲರೇಟರ್ ತಿರುಗಿಸಿದರೆ ಒಂದು ಕೇಬಲ್ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಒಳಗಿನ ಸ್ಲೈಡನ್ನು ಎತ್ತುತ್ತದೆ. ಆ ಸ್ಲೈಡಿನಡಿ ನೇತಾಡುವ ಸೂಜಿ ಮೇಲೆದ್ದಷ್ಟು ಪೆಟ್ರೋಲ್ ಹೋಗುತ್ತದೆ. ನಡುವೆ ಬೇರೆ ಯಾರೂ ಇಲ್ಲ. ಕ್ಲಚ್ಚಿಗೆ ಒಂದು ಕೇಬಲ್, ಹಿಂದಿನ ಬ್ರೇಕಿಗೆ ಒಂದು ಕಂಬಿ. ಕಂಪ್ಯೂಟರ್ ಗಾಡಿಯಲ್ಲಿ ಸವಾರ ಅರ್ಜಿ ಹಾಕುತ್ತಾನೆ, ಮಂಜೂರು ಮಾಡುವವರು ಬೇರೆ. ಇಲ್ಲಿ ಅರ್ಜಿಯೇ ಇಲ್ಲ.

ಆದರೆ ಆ ಕಂಪ್ಯೂಟರ್ ಮಾಡುತ್ತಿದ್ದ ಕೆಲಸವೆಲ್ಲ ಈಗ ನಿಮ್ಮ ತಲೆಗೆ ಬರುತ್ತದೆ. ಚಳಿಯಲ್ಲಿ ಚೋಕ್ ಎಷ್ಟು ಹೊತ್ತು ಹಿಡಿಯಬೇಕು, ಪೆಟ್ರೋಲ್ ರಿಸರ್ವಿಗೆ ಬಂದಾಗ ಓಡುತ್ತಲೇ ಎಡಗೈಯಲ್ಲಿ ಕಾಕ್ ಹುಡುಕಿ ತಿರುಗಿಸುವುದು, ಪ್ಲಗ್ಗಿನ ಬಣ್ಣ ನೋಡಿ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಹದ) ಹೇಳುವುದು. ಸರಳ ಯಂತ್ರ ಎಂದರೆ ತೊಂದರೆ ಕೊಡದ ಯಂತ್ರ ಎಂದು ತಿಳಿದು ಗಾಡಿ ಕೊಂಡವರೇ ಆರು ತಿಂಗಳಲ್ಲಿ ಮಾರಾಟಕ್ಕೆ ಇಡುವುದು. ಇದು ಆಗಾಗ ತೊಂದರೆ ಕೊಡುತ್ತದೆ. ಎಲ್ಲಿ ಕೆಟ್ಟಿದೆ ಎಂದು ಹತ್ತು ಸ್ಪ್ಯಾನರ್ ಇಟ್ಟುಕೊಂಡು ನೀವೇ ಹುಡುಕಬಹುದು, ಅಷ್ಟೇ ಅನುಕೂಲ.

ಯಾವ ಗಾಡಿ? ಆರ್‌ಎಕ್ಸ್ 100 (1985ರಿಂದ 1996, 98 ಸಿಸಿ, 11 ಬಿಎಚ್‌ಪಿ) ಹಗುರ, ಚುರುಕು, ಸ್ಪೇರ್ ಕೂಡ ಸಿಗುತ್ತದೆ. ಬೆಲೆ ಮಾತ್ರ ಹುಚ್ಚು ಹಿಡಿದಿದೆ, ಚಾಸಿ ನಂಬರ್ ತಿದ್ದಿದ ಗಾಡಿಗಳೂ ತಿರುಗುತ್ತಿವೆ. ಯೆಜ್ಡಿ ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ಗಾಡಿ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅದರ ಕೆಲಸ ಬಲ್ಲ ಕೈಗಳು ಬೆಂಗಳೂರು, ಮೈಸೂರಲ್ಲಿ ಇನ್ನೂ ಇವೆ. ಬೀಡಿನ (ಎರಕದ ಕಬ್ಬಿಣದ) ಎಂಜಿನ್ನಿನ ಬುಲೆಟ್ಟಿಗೆ ಸ್ಪೇರ್ ಸಮಸ್ಯೆಯೇ ಇಲ್ಲ. ಆದರೆ ಗಿಯರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರುವ ಹಳೇ ಮಾದರಿಯನ್ನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಲಿಯಲು ಹೋಗಬೇಡಿ. ಕೈ ಪಳಗಿಸಲಷ್ಟೇ ಬೇಕಿದ್ದರೆ ಯಾರೂ ಕಣ್ಣೆತ್ತಿ ನೋಡದ ಹೀರೋ ಹೋಂಡಾ ಸಿಡಿ 100 ತಗೊಳ್ಳಿ. ಕಾರ್ಬೊರೇಟರ್, ಡ್ರಮ್ ಬ್ರೇಕ್, ಕಿಕ್ಕರ್ ಎಲ್ಲ ಅದರಲ್ಲೂ ಇದೆ. ಇನ್‌ಸ್ಟಾಗ್ರಾಮಿಗೆ ಆಗಿಬರುವುದಿಲ್ಲ, ಕಲಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ನೋಡಲು ಹೋಗುವಾಗ ಮಾರುವವರಿಗೆ ಒಂದೇ ಮಾತು ಮೊದಲೇ ಹೇಳಿ: ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ. ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಕೋಲ್ಡ್ ಸ್ಟಾರ್ಟಿನಲ್ಲಿ ಏನೋ ಮುಚ್ಚಿಡುತ್ತಿದ್ದಾರೆ.

ಪ್ರ: 350 ಬುಲೆಟ್, ಬೀಡಿನ ಎಂಜಿನ್, ಪಾಯಿಂಟ್ ಸೆಟ್ ಇರೋದು. ಕಿಕ್ಕರ್ ತಿರುಗಿ ಹೊಡೆದು ಪಾದ ಊದಿಕೊಂಡಿದೆ. ಬಲ ಸಾಲದಾ? (ಮಲ್ಲೇಶ್ವರ)

ಉ: ಬಲ ಹೆಚ್ಚೇ ಆಗಿದೆ, ಜಾಗ ತಪ್ಪಿದೆ. ಪಿಸ್ಟನ್ ಮೇಲೇರುವ ದಾರಿಯಲ್ಲಿರುವಾಗಲೇ ನೀವು ಒದೆಯುತ್ತಿದ್ದೀರಿ. ತುದಿ ಮುಟ್ಟುವ ಸ್ವಲ್ಪ ಮುಂಚೆ ಕಿಡಿ ಬೀಳುವುದು ಎಂಜಿನ್ನಿನ ಸ್ವಭಾವ. ಪಿಸ್ಟನ್ನಿಗೆ ತುದಿ ದಾಟುವಷ್ಟು ವೇಗ ಇಲ್ಲದಿದ್ದರೆ ಬೆಂಕಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಕಿಕ್ಕರ್ ಕಾಲಿಗೆ ಬೀಳುತ್ತದೆ.

ಹೆಡ್‌ಲೈಟ್ ಮೇಲಿನ ಪುಟ್ಟ ಆಂಪಿಯರ್ ಮೀಟರ್ ಇದೆಯಲ್ಲ, ಅದಿರುವುದು ಅಲಂಕಾರಕ್ಕಲ್ಲ. ಹೀಗೆ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಪೆಟ್ರೋಲ್ ಬಿಡಿ. ಎಂಜಿನ್ ತಣ್ಣಗಿದ್ದರೆ ಚೋಕ್ ಎಳೆಯಿರಿ. ಕೀ ಹಾಕಿ ಕಿಕ್ಕರನ್ನು ನಿಧಾನವಾಗಿ ಕಾಲಿನ ಭಾರದಲ್ಲಷ್ಟೇ ಇಳಿಸುತ್ತ ಮುಳ್ಳನ್ನು ನೋಡಿ. ಪಾಯಿಂಟ್ (ಬಿಚ್ಚಿದಾಗ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್) ಮುಚ್ಚಿರುವಷ್ಟು ಹೊತ್ತು ಅದು ಡಿಸ್ಚಾರ್ಜ್ ಕಡೆ ವಾಲಿರುತ್ತದೆ. ಕಾಲಿಗೆ ಗಟ್ಟಿ ತಡೆ ಸಿಕ್ಕು ಮುಳ್ಳು ಟಕ್ಕನೆ ನಡುವಿಗೆ ಬಂತೆಂದರೆ ಪಾಯಿಂಟ್ ಬಿಚ್ಚಿತು, ಪಿಸ್ಟನ್ ತುದಿಯ ಹತ್ತಿರ ಬಂದಿದೆ ಎಂದರ್ಥ. ಅಲ್ಲಿ ನಿಲ್ಲಿ. ಈಗ ಎಡಗೈಯ ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಹಿಡಿದು ಕಿಕ್ಕರನ್ನು ಇನ್ನೊಂದಿಷ್ಟು, ಒಂದೆರಡು ಇಂಚು, ಇಳಿಸಿ. ಪಿಸ್ಟನ್ ತುದಿ ದಾಟಿ ಆಚೆ ಕೂರುತ್ತದೆ. ಡಿಕಂಪ್ರೆಸರ್ ಬಿಡಿ. ಕಿಕ್ಕರ್ ಪೂರ್ತಿ ಮೇಲೆ ಬರಲಿ. ಆಕ್ಸಿಲರೇಟರ್ ಮುಟ್ಟದೆ ಒಂದೇ ಉದ್ದ ಒದೆತ, ಕೆಳಗಿನ ತನಕ. ಹೀಗೆ ಮಾಡಿದರೆ ಮುಂದಿನ ಕಂಪ್ರೆಷನ್ನಿಗೆ ಬರುವಷ್ಟರಲ್ಲಿ ಫ್ಲೈವೀಲ್ ಎರಡು ಸುತ್ತಿನ ಓಟ ಹಿಡಿದಿರುತ್ತದೆ.

ಅರ್ಧ ಒದ್ದು ಬಿಡುವುದು, ಮಂಡಿ ನೆಟ್ಟಗೆ ಬಿಗಿ ಹಿಡಿಯುವುದು, ಹವಾಯಿ ಚಪ್ಪಲಿ ಈ ಮೂರೂ ಬೇಡ. ಕೀ ಆನ್ ಮಾಡಿಟ್ಟು ಹರಟೆಗೆ ನಿಲ್ಲುವುದೂ ಬೇಡ. ಮುಳ್ಳು ವಾಲಿದ್ದಷ್ಟು ಹೊತ್ತು ಕಾಯಿಲ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ.

ಇಷ್ಟು ಮಾಡಿಯೂ ತಿರುಗಿ ಹೊಡೆದರೆ ಟೈಮಿಂಗ್ (ಕಿಡಿ ಬೀಳುವ ಕ್ಷಣ) ಮುಂದಿದೆ. 350ಕ್ಕೆ ಪೂರ್ತಿ ರಿಟಾರ್ಡ್ (ಕಿಡಿ ಅತಿ ತಡವಾಗಿ ಬೀಳುವ) ಸ್ಥಿತಿಯಲ್ಲಿ ತುದಿಗೆ 0.8 ಮಿ.ಮೀ. ಮುಂಚೆ ಪಾಯಿಂಟ್ ಬಿಚ್ಚಬೇಕು, ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಟೈಮಿಂಗ್ ಸರಿಯಿದ್ದೂ ಒದೆತ ತಪ್ಪದಿದ್ದರೆ ಪಾಯಿಂಟ್ ಪ್ಲೇಟ್ ಹಿಂದೆ ಇರುವ, ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚೆ ಬೀಳಿಸುವ ಅಡ್ವಾನ್ಸ್ ತೂಕಗಳ ಸ್ಪ್ರಿಂಗ್ ನೋಡಿ. ಸಡಿಲಾಗಿದ್ದರೆ ತೂಕಗಳು ಆಚೆ ಹೋಗಿ ಅಲ್ಲೇ ಕೂತಿರುತ್ತವೆ, ಒದೆಯುವಾಗಲೇ ಪೂರ್ತಿ ಅಡ್ವಾನ್ಸ್ ಸಿಕ್ಕಿರುತ್ತದೆ. ಸಾಮಾನ್ಯವಾಗಿ ಯಾರೂ ಅಲ್ಲಿ ನೋಡುವುದಿಲ್ಲ.

ಪ್ರ: ಯೆಜ್ಡಿ ರೋಡ್‌ಕಿಂಗ್. ಬೆಳಗ್ಗೆ ಚೆನ್ನಾಗಿರುತ್ತೆ. ಹತ್ತು ಕಿಲೋಮೀಟರ್ ಓಡಿಸಿ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ರೇಸ್ ತಾನಾಗಿ ಏರುತ್ತೆ, ಇಳಿಯೋದೇ ಇಲ್ಲ. ಕಾರ್ಬೊರೇಟರ್ ಮೂರು ಸಲ ತೊಳೆಸಿದೆ, ಕೇಬಲ್ ಹೊಸದು. (ಹನುಮಂತನಗರ)

ಉ: ನಾಲ್ಕನೇ ಸಲ ತೊಳೆಸಬೇಡಿ. ರೋಗ ಕಾರ್ಬೊರೇಟರಿನಲ್ಲಿ ಇಲ್ಲ ಎನ್ನಿಸುತ್ತದೆ.

ಮೊದಲು ಕೇಬಲ್ಲನ್ನೇ ಪಟ್ಟಿಯಿಂದ ತೆಗೆಯಿರಿ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೆ ತುದಿ, ಬಲಕ್ಕೆ ತುದಿ ತಿರುಗಿಸಿ. ಆಗ ರೇಸ್ ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಬಿಗಿಯಾಗಿದೆ. ಬದಲಾಗದಿದ್ದರೆ ಎಂಜಿನ್ ಕದ್ದು ಗಾಳಿ ಕುಡಿಯುತ್ತಿದೆ.

ಯೆಜ್ಡಿಯಂಥ ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್-ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಹೋಗುತ್ತದೆ, ಆಮೇಲೆ ಮೇಲಕ್ಕೆ. ಆದ್ದರಿಂದ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು ಗಾಳಿಯಾಡದಂತೆ ಇರಲೇಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ಒಣಗಿ ತುಟಿ ಬಿರುಸಾಗಿರುತ್ತದೆ. ತಣ್ಣಗಿದ್ದಾಗ ಹೇಗೋ ಹಿಡಿಯುತ್ತದೆ, ಬಿಸಿಯಾದಾಗ ಬಿಡುತ್ತದೆ. ಯೆಜ್ಡಿಯಲ್ಲಿ ಬಲಬದಿಗೆ ಡೈನಮೊ, ಎಡಬದಿಗೆ ಕ್ಲಚ್. ಯಾವ ಸೀಲ್ ಹೋಗಿದೆ ಎಂಬುದನ್ನು ಗಾಡಿಯೇ ಬೇರೆಬೇರೆ ರೀತಿಯಲ್ಲಿ ಹೇಳುತ್ತದೆ. ಡೈನಮೊ ಬದಿಯದು ಹೋದರೆ ಹೊರಗಿನ ಗಾಳಿ ಒಳಬರುತ್ತದೆ. ಮಿಕ್ಸ್ಚರ್ ಲೀನ್ ಆಗಿ (ಗಾಳಿ ಹೆಚ್ಚಿ ಪೆಟ್ರೋಲ್ ಕಮ್ಮಿಯಾಗಿ) ರೇಸ್ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಡೈನಮೊ ಕವರ್ ಬಿಚ್ಚಿದರೆ ಒಳಗೆ ಎಣ್ಣೆಯ ಪಸೆ ಕಾಣುತ್ತದೆ. ಕ್ಲಚ್ ಬದಿಯದು ಹೋದರೆ ಗಾಳಿಯ ಬದಲು ಗಿಯರ್ ಆಯಿಲ್ ಒಳಸೇರುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ, ಗಿಯರ್ ಆಯಿಲ್ ಎಲ್ಲೂ ಸೋರದೆ ಕಡಿಮೆಯಾಗುತ್ತ ಹೋಗುತ್ತದೆ. ನಿಮ್ಮ ವಿವರಣೆ ಮೊದಲನೆಯದಕ್ಕೆ ಹೊಂದುತ್ತದೆ.

ಎಂಜಿನ್ ಬಿಚ್ಚುವ ಮುಂಚೆ ಅಗ್ಗದ ಜಾಗಗಳನ್ನು ನೋಡಿ ಮುಗಿಸಿ: ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗ್, ಸಿಲಿಂಡರ್ ತಳದ ಪ್ಯಾಕಿಂಗ್. ಐಡ್ಲಿಂಗಿನಲ್ಲಿ ಈ ಕೂಡುಗಳಿಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಅಥವಾ ರೇಸ್ ಕ್ಷಣಕಾಲ ಇಳಿದರೆ ಜಾಗ ಸಿಕ್ಕಿತು. ಪೆಟ್ರೋಲ್ ಚಿಮುಕಿಸಿ ನೋಡುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿದೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಆ ಸಾಹಸ ಬೇಡ.

ಸೀಲನ್ನೇ ಬದಲಿಸುವುದಾದರೆ ಎರಡೂ ಬದಿಯದನ್ನು ಒಟ್ಟಿಗೆ ಹಾಕಿಸಿ. ಒಂದನ್ನು ಉಳಿಸಿ ಮಿಗಿಸಿದ ದುಡ್ಡಿಗೆ ಇನ್ನೊಮ್ಮೆ ಲೇಬರ್ ಕೊಡುತ್ತೀರಿ. ಅಲ್ಲಿಯವರೆಗೆ ಹೈವೇಗೆ ಹೋಗಬೇಡಿ. ಲೀನ್ ಓಡಿದ ಟೂ-ಸ್ಟ್ರೋಕ್ ಒಂದೋ ಸೀಜ್ ಆಗುತ್ತದೆ (ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ), ಇಲ್ಲವೇ ಪಿಸ್ಟನ್ ತಲೆಯಲ್ಲಿ ತೂತು ಬೀಳುತ್ತದೆ.

ಪ್ರ: ಸ್ಪೀಡೋಮೀಟರ್ ಮುಳ್ಳು 30ರಿಂದ 60ರ ತನಕ ಉಯ್ಯಾಲೆ ಆಡುತ್ತೆ. ಮೀಟರ್ ಬದಲಿಸಬೇಕಾ? (ಯಶವಂತಪುರ)

ಉ: ಬಹುಪಾಲು ಬೇಕಾಗುವುದಿಲ್ಲ. ಆ ಮೀಟರ್ ಒಳಗೆ ಮುಳ್ಳಿಗೂ ಚಕ್ರಕ್ಕೂ ನೇರ ಸಂಬಂಧವೇ ಇಲ್ಲ ಎಂದರೆ ಅಚ್ಚರಿಯಾದೀತು. ಕೇಬಲ್ ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅದರ ಸುತ್ತ ಮುಟ್ಟದಂತೆ ಕೂತ ಅಲ್ಯೂಮಿನಿಯಂ ಬಟ್ಟಲಿಗೆ ಮುಳ್ಳು ಅಂಟಿದೆ. ತಿರುಗುವ ಅಯಸ್ಕಾಂತ ಬಟ್ಟಲಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅದನ್ನು ತನ್ನ ಹಿಂದೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಹಿಡಿಯುತ್ತದೆ. ಈ ಎಳೆದಾಟದಲ್ಲಿ ಮುಳ್ಳು ನಿಂತ ಜಾಗವೇ ನಿಮ್ಮ ವೇಗ. ಬ್ಯಾಟರಿಯ ಹಂಗಿಲ್ಲ.

ಮುಳ್ಳು ಕುಣಿದರೆ ಕೇಬಲ್ ಒಂದೇ ಸಮನೆ ತಿರುಗುತ್ತಿಲ್ಲ, ಒಣಗಿ ಬಿಗಿಹಿಡಿದು ಬಿಗಿಹಿಡಿದು ಬಿಡುತ್ತಿದೆ. ಒಳತಂತಿ ಎಳೆದು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಒರೆಸಿ. ನೆಲದ ಮೇಲೆ ಉದ್ದಕ್ಕಿಟ್ಟು ಬೆರಳಲ್ಲಿ ಉರುಳಿಸಿ ನೋಡಿ. ಹಾರಿ ಹಾರಿ ಉರುಳಿದರೆ ಎಲ್ಲೋ ಮುರಿದ ಮಡಿಕೆ ಇದೆ, ಹೊಸದು ಹಾಕಿ. ಸರಿಯಿದ್ದರೆ ಗ್ರೀಸ್ ಸವರಿ, ಆದರೆ ಚಕ್ರದ ಕಡೆಯಿಂದ ಮುಕ್ಕಾಲು ಭಾಗಕ್ಕೆ ಮಾತ್ರ. ಮೀಟರ್ ಕಡೆಯ ಒಂದು ಗೇಣು ಒಣದಾಗಿಯೇ ಬಿಡಿ. ತಿರುಗುವ ತಂತಿ ಗ್ರೀಸನ್ನು ಸ್ಕ್ರೂ ಹಾಗೆ ಮೇಲಕ್ಕೆ ಏರಿಸುತ್ತದೆ. ಅದು ಬಟ್ಟಲೊಳಗೆ ಹೋಯಿತೆಂದರೆ ಮುಳ್ಳು ಅಯಸ್ಕಾಂತಕ್ಕೆ ಅಂಟಿಕೊಂಡಂತಾಗಿ, ನೀವು 40ರಲ್ಲಿದ್ದಾಗ 100 ತೋರಿಸುತ್ತದೆ. ಮೀಟರ್ ಕೊಲ್ಲುವುದು ಹೆಚ್ಚಾಗಿ ಈ ಧಾರಾಳ ಗ್ರೀಸೇ. ಕೇಬಲ್ಲಿನ ಹೊರಕವಚವನ್ನು ಹ್ಯಾಂಡಲ್ ಹತ್ತಿರ ಚೂಪಾಗಿ ಮಡಿಸದೆ ದೊಡ್ಡ ಬಾಗಿನಲ್ಲಿ ಬಿಡಿ.

ಪ್ರ: ಆರ್‌ಎಕ್ಸ್ 100 ಸೈಲೆನ್ಸರಿನ ಒಳಗೆ ಸದ್ದು ತಗ್ಗಿಸೋ ಬ್ಯಾಫಲ್ ತೆಗೆದರೆ ಪಿಕಪ್ ಹೆಚ್ಚುತ್ತಂತೆ, ಹೌದಾ? (ಬನಶಂಕರಿ)

ಉ: ಇಲ್ಲ. ಸದ್ದು ಹೆಚ್ಚುತ್ತದೆ, ಸವಾರನಿಗೆ ಪಿಕಪ್ ಹೆಚ್ಚಿದಂತೆ ಕೇಳಿಸುತ್ತದೆ. ಟೂ-ಸ್ಟ್ರೋಕ್ ಸೈಲೆನ್ಸರ್ ಒಳಗಿನ ಒತ್ತಡದ ಅಲೆ ಎಂಜಿನ್ನಿನ ಭಾಗವೇ. ಅದನ್ನು ಕೆಡಿಸಿದರೆ ಕೆಳಗಿನ ರೇಸಿನ ಎಳೆತ ಹೋಗುತ್ತದೆ. ನಿಜಕ್ಕೂ ಪಿಕಪ್ ಬಿದ್ದಿದ್ದರೆ ಬ್ಯಾಫಲ್ ಎಳೆದು ಅಂಟಿದ ಮಸಿ ತೆಗೆದು ವಾಪಸ್ ಹಾಕಿ. ಕಾಸ್ಟಿಕ್ ಸೋಡಾದಲ್ಲಿ ನೆನೆಸುವುದಾದರೆ ಕೈಗವಸು, ಕನ್ನಡಕ ಇರಲಿ, ಬಯಲಲ್ಲಿ ಮಾಡಿ. ಅಲ್ಯೂಮಿನಿಯಂ ಯಾವುದನ್ನೂ ಅದರಲ್ಲಿ ಅದ್ದಬೇಡಿ, ಕರಗಿಯೇ ಹೋಗುತ್ತದೆ.

ಪ್ರ: ಬಂಕಿನಲ್ಲಿ ಈಗ ಎಲ್ಲ ಕಡೆ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್). ನನ್ನ ಹಳೇ ಯೆಜ್ಡಿಗೆ ಹಾಕಬಹುದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. (ಜಯನಗರ)

ಉ: ಇ20 ಪೆಟ್ರೋಲ್ ದೇಶದಲ್ಲಿ ಬಿಡುಗಡೆಯಾದದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು. ನಿಮ್ಮ ಗಾಡಿ ಹುಟ್ಟಿದಾಗ ಅದರ ಕಲ್ಪನೆಯೂ ಇರಲಿಲ್ಲ. ಹಾಕಿದ ದಿನವೇ ಗಾಡಿ ಸಾಯುವುದಿಲ್ಲ. ಆದರೆ ಮೂರು ಕಡೆ ಕೆಲಸ ಕೊಡುತ್ತದೆ.

ಮೊದಲನೆಯದು ಮಿಕ್ಸ್ಚರ್. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕಾದರೆ ಇ20ಗೆ ಸುಮಾರು 13.5 ಸಾಕು. ಫ್ಯೂಯಲ್ ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬೊರೇಟರಿನ ಜೆಟ್ ಹಿತ್ತಾಳೆಯ ತೂತು, ಅದು ಹೊಂದಿಸಿಕೊಳ್ಳುವುದಿಲ್ಲ. ಹಾಗಾಗಿ ಗಾಡಿ ಲೀನ್ ಆಗುತ್ತದೆ, ಬಿಸಿ ಹೆಚ್ಚುತ್ತದೆ. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ, ಆಗ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚು ಹೋಗುತ್ತದೆ. ನಂತರ ನಾಲ್ಕೈದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಅಲ್ಲಿಗೇ ಬಿಡಿ. ಇನ್ನೂ ಬೂದಿಯಂತೆ ಬಿಳಿಚಿದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ.

ಎರಡನೆಯದು ರಬ್ಬರ್. ಹಳೇ ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಗುತ್ತದೆ ಇಲ್ಲವೇ ಬಿರಿಯುತ್ತದೆ. ಅಂಗಡಿಯಲ್ಲಿ ಎಥನಾಲ್ ತಡೆಯುವ ರಬ್ಬರಿನ ವಿಟಾನ್ ಪೈಪ್ ಎಂದೇ ಕೇಳಿ. ಪೆಟ್ರೋಲ್ ಕಾಕಿನ ವಾಷರ್, ಫ್ಲೋಟ್ ಸೂಜಿಯ ರಬ್ಬರ್ ತುದಿ ಇವೂ ಅದೇ ಜಾತಿಯವು ಇರಲಿ. ತುಕ್ಕಿಗೆಂದು ಟ್ಯಾಂಕ್ ಒಳಗೆ ಲೇಪನ ಮಾಡಿಸಿದ್ದರೆ ಅದರ ಮೇಲೂ ಕಣ್ಣಿಡಿ. ಕಳಪೆ ಲೇಪನ ಎಥನಾಲಿಗೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಜೆಟ್ಟಿಗೆ ಬರುತ್ತದೆ.

ಮೂರನೆಯದು ನೀರು, ಟೂ-ಸ್ಟ್ರೋಕಿಗೆ ಇದೇ ಅಪಾಯಕಾರಿ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ಎರಡು ತಿಂಗಳು ನಿಲ್ಲಿಸಿದರೆ ಒಂದು ಹಂತದಲ್ಲಿ ನೀರು ಮತ್ತು ಎಥನಾಲ್ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕ್ ಎಳೆಯುವುದು ತಳದಿಂದ. ಅಂದರೆ ಆಯಿಲ್ ಇಲ್ಲದ ದ್ರವ ಎಂಜಿನ್ನಿಗೆ ಹೋಗುತ್ತದೆ. ಆದ್ದರಿಂದ ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ ಗಾಡಿ ತಾನಾಗಿ ಆಫ್ ಆಗುವ ತನಕ ಓಡಿಸಿ, ಕಾರ್ಬೊರೇಟರ್ ಖಾಲಿಯಾಗಲಿ. ಟ್ಯಾಂಕ್ ಕುತ್ತಿಗೆ ತನಕ ತುಂಬಿರಲಿ ಇಲ್ಲವೇ ಪೂರ್ತಿ ಖಾಲಿ ಮಾಡಿ ಒಳಗೆ ಎಣ್ಣೆ ಸವರಿಡಿ. ನಿಂತ ಗಾಡಿ ತೆಗೆಯುವಾಗ ಮೊದಲು ಗಾಜಿನ ಬಾಟಲಿಗೆ ಕಾಲು ಲೀಟರ್ ಹಿಡಿದು ಬೆಳಕಿಗೆ ಹಿಡಿಯಿರಿ. ಎರಡು ಪದರ ಕಂಡರೆ ಟ್ಯಾಂಕಿನಲ್ಲಿರುವ ಅಷ್ಟನ್ನೂ ಹೊರಗೆ ತೆಗೆದುಬಿಡಿ.

ಆಯಿಲ್ ಅಳತೆಯನ್ನೂ ಹಲವರು ಕೇಳಿದ್ದಾರೆ. ಯೆಜ್ಡಿಗೆ ಹಳೇ ಲೆಕ್ಕ 1:25, ಅಂದರೆ ಲೀಟರಿಗೆ 40 ಮಿ.ಲೀ. ಈಗಿನ ಒಳ್ಳೆ ಟೂ-ಟಿ ಆಯಿಲ್ ಆದರೆ 30 ಮಿ.ಲೀ. ಹಾಕಿ ಓಡಿಸುವವರಿದ್ದಾರೆ. ಹೊಸದಾಗಿ ಬೋರ್ ಮಾಡಿಸಿದ್ದರೆ 40ಕ್ಕಿಂತ ಇಳಿಯಬೇಡಿ. ಕೈ ಅಂದಾಜಿನಲ್ಲಿ ಮುಚ್ಚಳ ಲೆಕ್ಕ ಬೇಡ, ಔಷಧಿ ಅಂಗಡಿಯ ಅಳತೆ ಲೋಟ ಇಟ್ಟುಕೊಳ್ಳಿ.

ಪ್ರ: ನಂದಿಬೆಟ್ಟದಿಂದ ಇಳಿಯುವಾಗ ಟೂ-ಸ್ಟ್ರೋಕ್ ಗಾಡಿ ಸೀಜ್ ಆಗುತ್ತೆ ಅಂತಾರೆ. ಹತ್ತುವಾಗ ಅಲ್ಲವಾ ಆಗಬೇಕಾದ್ದು? (ಯಲಹಂಕ)

ಉ: ಹತ್ತುವಾಗ ಆಕ್ಸಿಲರೇಟರ್ ತೆರೆದಿರುತ್ತದೆ, ಪೆಟ್ರೋಲ್ ಜೊತೆ ಆಯಿಲ್ಲೂ ಧಾರಾಳವಾಗಿ ಹೋಗುತ್ತಿರುತ್ತದೆ. ಇಳಿಯುವಾಗ ಎರಡನೇ ಗಿಯರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚುತ್ತೀರಿ. ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿದೆ, ಪೆಟ್ರೋಲ್ ಬರುತ್ತಿಲ್ಲ, ಆದ್ದರಿಂದ ಆಯಿಲ್ಲೂ ಇಲ್ಲ. ಹತ್ತಿ ಬಂದ ಬಿಸಿ ಬೇರೆ ಇದೆ. ತಿರುವು ತಿರುವಿಗೆ ಒಮ್ಮೆ ಕ್ಲಚ್ ಹಿಡಿದು ಸಣ್ಣಗೆ ಎರಡು ಸಲ ರೇಸ್ ಕೊಡಿ, ಅಷ್ಟು ಸಾಕು. ಆರ್‌ಎಕ್ಸ್ 100ಗೆ ಆಯಿಲ್ ಪಂಪ್ ಬೇರೆ ಇರುವುದರಿಂದ ಆಕ್ಸಿಲರೇಟರ್ ಮುಚ್ಚಿದ್ದರೂ ಸ್ವಲ್ಪ ಹೋಗುತ್ತಿರುತ್ತದೆ. ಆದರೆ ಅದರ ಆಯಿಲ್ ಟ್ಯಾಂಕ್ ಒಮ್ಮೆ ಖಾಲಿಯಾಗಿದ್ದರೆ ಪಂಪಿನಲ್ಲಿ ಗಾಳಿ ಸೇರಿರುತ್ತದೆ. ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳೆ ನಿಲ್ಲುವ ತನಕ ಆಯಿಲ್ ಬಿಟ್ಟು ಮುಚ್ಚದೆ ಓಡಿಸಬೇಡಿ.

ಬ್ರೇಕಿನ ಬಗ್ಗೆಯೂ ಒಂದು ಮಾತು. ಇಳಿಜಾರಿನ ಉದ್ದಕ್ಕೂ ಹಿಂದಿನ ಡ್ರಮ್ಮನ್ನು ಒತ್ತಿಕೊಂಡೇ ಬಂದರೆ ಲೈನಿಂಗ್ ಕಾದು ಹಿಡಿತ ಬಿಡುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ. ಬೆಳಗಿನ ಮಂಜಿನಲ್ಲಿ ಮೊದಲ ಒತ್ತಿಗೆ ಹಿಡಿಯದಿದ್ದರೆ ಗಾಬರಿ ಬೇಡ, ಡ್ರಮ್ ಒಳಗಿನ ತೇವ ಎರಡು ಒತ್ತಿಗೆ ಒಣಗುತ್ತದೆ.

ಪ್ರ: 6 ವೋಲ್ಟ್ ಗಾಡಿ. ಪೂರ್ತಿ ರಿಸ್ಟೋರ್ ಮಾಡಿಸಿ, ಫ್ರೇಮಿಗೆ ಪೌಡರ್ ಕೋಟಿಂಗ್ ಹಾಕಿಸಿದ ಮೇಲೆ ಹೆಡ್‌ಲೈಟ್ ಮೊದಲಿಗಿಂತ ಮಂಕಾಗಿದೆ. ಬಲ್ಬ್ ಹೊಸದು, ಬ್ಯಾಟರಿ ಹೊಸದು. (ಬಸವೇಶ್ವರನಗರ)

ಉ: ಪೌಡರ್ ಕೋಟಿಂಗೇ ಅಪರಾಧಿ. ಹಳೇ ಗಾಡಿಯಲ್ಲಿ ಕರೆಂಟ್ ವಾಪಸ್ ಬರುವ ದಾರಿ ಫ್ರೇಮಿನ ಕಬ್ಬಿಣ. ಅರ್ತ್ ಬೋಲ್ಟಿನಡಿ ಕೋಟಿಂಗ್ ಕೂತರೆ ದಾರಿ ಮುಚ್ಚಿತು. 35 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 6 ಆಂಪಿಯರ್ ಹತ್ತಿರ ಹರಿಯಬೇಕು. ಆದ್ದರಿಂದ ಒಂದು ಕೊಳಕು ಕೂಡು ತಿನ್ನುವ ವೋಲ್ಟೇಜ್ ಇಮ್ಮಡಿ, ಇರುವುದೋ ಅರ್ಧ. 0.6 ವೋಲ್ಟ್ ಕಳೆದರೆ ಬಲ್ಬಿನ ಬೆಳಕಿನಲ್ಲಿ ಮೂರನೇ ಒಂದರಷ್ಟು ಹೋಗುತ್ತದೆ.

ಲೈಟ್ ಹಾಕಿಟ್ಟು ಮಲ್ಟಿಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿ ಮೈನಸ್ಸಿಗೂ ಕೆಂಪನ್ನು ಬಲ್ಬ್ ಹೋಲ್ಡರಿನ ಅರ್ತಿಗೂ ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಲ್ಲೇ ಸೋರಿಕೆ. ಬೋಲ್ಟಿನ ಜಾಗವನ್ನು ಲೋಹ ಹೊಳೆಯುವ ತನಕ ಕೆರೆದು, ನಕ್ಷತ್ರ ವಾಷರ್ ಹಾಕಿ, ಮೇಲೆ ವ್ಯಾಸಲೀನ್ ಸವರಿ. ಇನ್ನೂ ಒಳ್ಳೆಯದು ಎಂದರೆ ಹೆಡ್‌ಲೈಟಿನಿಂದ ಬ್ಯಾಟರಿ ಮೈನಸ್ಸಿಗೆ 2.5 ಚದರ ಮಿ.ಮೀ. ತಂತಿ ನೇರ ಎಳೆದುಬಿಡುವುದು. ಆಮೇಲೂ ಮಂಕಾಗಿದ್ದರೆ ಡೈನಮೊ ಬ್ರಷ್ ನೋಡೋಣ. ಆತುರಪಟ್ಟು 12 ವೋಲ್ಟ್ ಕಿಟ್ ಕೊಳ್ಳಬೇಡಿ.

ಪ್ರ: ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಲಾ? (ವಿಜಯನಗರ)

ಉ: ದಿನಾ ಕಚೇರಿಗೆ ಓಡಿಸುವುದಾದರೆ ಹಾಕಿಸಿ, ತಪ್ಪೇನಿಲ್ಲ. ಭಾನುವಾರದ ಗಾಡಿಯಾದರೆ ಪಾಯಿಂಟೇ ಇರಲಿ. ಕಿಟ್ ಕೆಟ್ಟರೆ ದಾರಿಯಲ್ಲಿ ಕೆಟ್ಟದ್ದೇ, ಪಾಯಿಂಟ್ ಕೆಟ್ಟರೆ ವಿಸಿಟಿಂಗ್ ಕಾರ್ಡ್ ತುಂಡಿನಲ್ಲಿ ಉಜ್ಜಿ ಮನೆಗೆ ಬರಬಹುದು. ಯೆಜ್ಡಿಗೆ ಗ್ಯಾಪ್ 0.4 ಮಿ.ಮೀ. ಕ್ಯಾಮ್ ಉಜ್ಜುವ ಫೈಬರ್ ಹಿಮ್ಮಡಿಗೆ ಎಣ್ಣೆ ಒಂದೇ ತೊಟ್ಟು. ಒಣಗಿದರೆ ಫೈಬರ್ ಸವೆದು ಗ್ಯಾಪ್ ತಾನಾಗಿ ಮುಚ್ಚುತ್ತ ಹೋಗುತ್ತದೆ, ಟೈಮಿಂಗೂ ಜೊತೆಗೇ ಓಡುತ್ತದೆ. ಪಾಯಿಂಟ್ ಪದೇ ಪದೇ ಸುಟ್ಟು ನೀಲಿಯಾದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಬದಲಿಸಿ. ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ಎರಡು ತಗೊಂಡು ಒಂದನ್ನು ಟೂಲ್ ಬಾಕ್ಸಿನಲ್ಲಿಡಿ. ಹೊಸ ಕಂಡೆನ್ಸರ್ ಅಂಗಡಿಯಿಂದಲೇ ಸತ್ತು ಬರುವುದು ಅಪರೂಪವಲ್ಲ.

ಪ್ರ: 1971ರ ಜಾವಾ. "ವಿಎ" ನಂಬರ್ ಪ್ಲೇಟ್ ಮಾಡಿಸಿದರೆ ಮತ್ತೆ ಎಫ್‌ಸಿ ತಲೆನೋವು ಇರಲ್ಲ ಅಂತ ಏಜೆಂಟ್ ಹೇಳ್ತಾರೆ. (ಚಾಮರಾಜಪೇಟೆ)

ಉ: ಅರ್ಧ ಸತ್ಯ. 2021ರ ಜುಲೈ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ("ವಿಎ") ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಮಾನ್ಯತೆ. ಆದರೆ ಆ ಪ್ಲೇಟ್ ಹಾಕಿದ ಗಾಡಿಯನ್ನು ರಸ್ತೆಯಲ್ಲಿ ನಿತ್ಯ ಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಷ್ಟೇ ತೆಗೆಯುವವರಿಗೆ ಅದು ಸರಿ. ಗಾಂಧಿ ಬಜಾರಿಗೆ ಕಾಫಿಗೆ ಹೋಗಬೇಕೆನ್ನುವವರು ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ಫಾರಂ 25ರಲ್ಲಿ ನವೀಕರಿಸಿಕೊಂಡು ಹೋಗಿ. ಕೆಎ ಸರಣಿಗೆ ಮುಂಚಿನ ನಂಬರ್ ಆದ್ದರಿಂದ ಮೊದಲು ಗಾಡಿಯ ದಾಖಲೆ ಕಂಪ್ಯೂಟರಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಮೂಲ ಪುಸ್ತಕ ಕೊಟ್ಟು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ. ಅದಕ್ಕೂ ಮುಂಚೆ ಎಂಜಿನ್ ಮತ್ತು ಚಾಸಿ ನಂಬರಿನ ಮೇಲಿನ ಗ್ರೀಸ್ ಒರೆಸಿ, ಸ್ಟೀಲ್ ಬ್ರಷ್ ತಾಗಿಸದೆ, ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆದು ಪುಸ್ತಕದ ಜೊತೆ ಒಂದೊಂದು ಅಂಕಿಯನ್ನೂ ತಾಳೆ ನೋಡಿ. ಎಂಜಿನ್ ಎಂದೋ ಬದಲಾಗಿ ಪುಸ್ತಕಕ್ಕೆ ಏರದೇ ಉಳಿದಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಉಳಿದ ಅರ್ಜಿಗಳು.